ರಿಪೋರ್ಟ್ ನಾರ್ಮಲ್, ಕಣ್ಣಲ್ಲಿ ಮಾತ್ರ ಕೆಂಡ

ನಮ್ಮ ಪತ್ರಿಕೆಗೆ ಈ ಪತ್ರ ಬಂದಿದ್ದು ಬಳ್ಳಾರಿಯ ಕೌಲ್ ಬಜಾರ್‌ನಿಂದ. ಹೇಳಿದವರು ಜೀನ್ಸ್ ಹೊಲಿಯುವ ಒಬ್ಬ ತಾಯಿ, ವಯಸ್ಸು 41. ಬರೆದವಳು ಒಂಬತ್ತನೇ ಕ್ಲಾಸಿನ ಮಗಳು. ಒಂದು ಪುಟ ಬರೆಯುವಷ್ಟು ಹೊತ್ತು ಅಮ್ಮನಿಗೆ ಕಣ್ಣು ಬಿಟ್ಟಿರಲು ಆಗುವುದಿಲ್ಲವಂತೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ನಾಲ್ಕು ಪುಟ ಇದೆ. ಮುಖ್ಯವಾದಷ್ಟು ಇಲ್ಲಿದೆ:

"ಮೂರು ವರ್ಷ ಆಯಿತು ಸರ್, ಕಣ್ಣಾಗೆ ಉಸುಕು ಬಿದ್ದಂಗೆ ಚುಚ್ಚುತ್ತದೆ. ಮಧ್ಯಾಹ್ನ ಆಯಿತು ಅಂದರೆ ಮೆಣಸಿನಕಾಯಿ ಮುಟ್ಟಿದ ಕೈಲೆ ಉಜ್ಜಿಕೊಂಡಂಗೆ ಉರಿ. ನಾಲ್ಕು ಡಾಕ್ಟರಿಗೆ ತೋರಿಸಿದೆ. ಪೇಪರ್ ಇಟ್ಟು ನೋಡಿದರು, ಬಣ್ಣ ಹಾಕಿ ನೋಡಿದರು. ಸ್ವಲ್ಪ ಡ್ರೈ ಇದೆ, ಅಂಥದ್ದೇನಿಲ್ಲ ಅಂದರು. ಕೊನೆಯವರು ಟೆನ್ಷನ್ ಕಡಿಮೆ ಮಾಡ್ಕೊಳ್ಳಮ್ಮ ಅಂದರು. ಮನೆಯಲ್ಲಿ ಇದು ಕೆಲಸ ತಪ್ಪಿಸುವ ನಾಟಕ ಅಂತಾರೆ. ಒಂದೊಂದು ರಾತ್ರಿ ಕಣ್ಣನ್ನೇ ಕಿತ್ತು ಇಟ್ಟುಬಿಡೋಣ ಅನಿಸುತ್ತದೆ. ಇದು ನಿಜವಾದ ನೋವಾ, ನನ್ನ ತಲೆಯೊಳಗಿನದಾ?"

ಕೆಳಗೆ ಮಗಳು ಪೆನ್ಸಿಲ್‌ನಲ್ಲಿ ತಾನೇ ಎರಡು ಸಾಲು ಸೇರಿಸಿದ್ದಾಳೆ: "ಅಮ್ಮ ಅಳುತ್ತಿಲ್ಲ ಸರ್, ನೀರು ತಾನಾಗೇ ಬರುತ್ತದೆ. ಕಣ್ಣು ಒಣಗಿದೆ ಅಂದಮೇಲೆ ನೀರು ಯಾಕೆ ಬರುತ್ತದೆ? ನಿಮ್ಮ ಪುಸ್ತಕದ ಅಕ್ಷರ ಸಣ್ಣದಾಗಿದೆ."

ಅಕ್ಕಾ,

ನೋವು ನಿಜ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಪತ್ರ ಬಂದ ಮೇಲೆ ಒಂದಷ್ಟು ಓದಿದೆ, ಕಣ್ಣಿನ ಡಾಕ್ಟರ್ ಆಗಿರುವ ಗೆಳೆಯರೊಬ್ಬರ ತಲೆ ತಿಂದೆ. ಅಷ್ಟರ ಬಲದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಅವ್ವನಿಗೆ ಒಂದು ಸಲ ಸರ್ಪಸುತ್ತು ಆಗಿತ್ತು. ಎಡಗಡೆ ಪಕ್ಕೆ ಮೇಲೆ ಗುಳ್ಳೆ. ಮೂರು ವಾರದಲ್ಲಿ ಒಣಗಿ ಉದುರಿದವು. ಆದರೆ ವರ್ಷ ಕಳೆದರೂ ಸೀರೆ ಸೆರಗು ಆ ಜಾಗಕ್ಕೆ ತಗುಲಿದರೆ ಅವ್ವ ಹಲ್ಲು ಕಚ್ಚುತ್ತಿದ್ದಳು. ರವಿಕೆಯ ಆ ಬದಿಯ ಹೊಲಿಗೆ ಬಿಚ್ಚಿಕೊಂಡು ಓಡಾಡುತ್ತಿದ್ದಳು. ಮನೆಗೆ ಬಂದವರೆಲ್ಲ "ಎಲ್ಲೈತಿ ಗಾಯ, ತೋರ್ಸು" ಅನ್ನೋರು. ತೋರಿಸಲು ಏನೂ ಇರಲಿಲ್ಲ. ನಾನೂ ಒಂದೆರಡು ಸಲ ರೇಗಿದ್ದೇನೆ, ಈಗ ನೆನೆದರೆ ನಾಚಿಕೆ ಆಗುತ್ತದೆ. ಚರ್ಮ ಮಾಗಿತ್ತು, ಅದರ ಕೆಳಗಿನ ನರ ಮಾಗಿರಲಿಲ್ಲ. ಬೆಂಕಿ ಆರಿದ ಮೇಲೂ ಅದು "ಬೆಂಕಿ, ಬೆಂಕಿ" ಅಂತ ಕೂಗುತ್ತಲೇ ಇತ್ತು.

ಕಣ್ಣಲ್ಲೂ ಹೀಗೆ ಆಗಬಹುದು. ಕರಿಗುಡ್ಡೆಯ ಮೇಲೆ ವಾಚಿನ ಗಾಜಿನ ಹಾಗೆ ಒಂದು ಪಾರದರ್ಶಕ ಪೊರೆ ಇದೆ, ಅದೇ ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅದರಲ್ಲಿ ರಕ್ತನಾಳ ಇಲ್ಲ, ಆದರೆ ನರದ ತುದಿಗಳು ಚರ್ಮದಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಒಂದು ರೆಪ್ಪೆಕೂದಲು ಬಿದ್ದರೆ ಆನೆ ತುಳಿದ ಹಾಗೆ ಆಗುವುದು ಅದಕ್ಕೇ. ಬಹಳ ದಿನದ ಒಣಗಾಳಿ, ಊತ, ಹಳೆಯ ಸೋಂಕು, ಕೆಲವರಿಗೆ ಕಣ್ಣಿನ ಆಪರೇಷನ್, ಇಂಥವುಗಳಿಂದ ಆ ತುದಿಗಳು ಪೆಟ್ಟು ತಿಂದು ತಪ್ಪಾಗಿ ಬೆಳೆದರೆ, ಸುಮ್ನೆ ಬೀಸುವ ಗಾಳಿಯೂ ಚಾಕುವಿನಂತೆ ತಾಗುತ್ತದೆ. ಡಾಕ್ಟರ್‌ಗಳು ಇದನ್ನು ನ್ಯೂರೋಪಥಿಕ್ ಕಾರ್ನಿಯಲ್ ಪೇನ್ ಅನ್ನುತ್ತಾರೆ. 2017ರಲ್ಲಿ ಒಣಕಣ್ಣಿನ ತಜ್ಞರು ಜಗತ್ತಿನ ಮಟ್ಟದಲ್ಲಿ ಸೇರಿ ಒಣಕಣ್ಣು ಕಾಯಿಲೆಯ ವ್ಯಾಖ್ಯೆಯನ್ನೇ ತಿದ್ದಿದರು. ಕಾರಣಗಳ ಸಾಲಿಗೆ ನರಗಳ ಏರುಪೇರನ್ನೂ ಸೇರಿಸಿದರು. ಅಂದರೆ ಇದು ಪುಸ್ತಕಕ್ಕೆ ಸೇರಿಯೇ ಬಹಳ ವರ್ಷ ಆಗಿಲ್ಲ. ನಿಮ್ಮ ನಾಲ್ಕು ಡಾಕ್ಟರ್‌ಗಳನ್ನು ನಾನು ಪೂರ್ತಿ ಬೈಯದೆ ಇರುವುದಕ್ಕೆ ಇದೂ ಒಂದು ಕಾರಣ.

ಅವರು ಮಾಡಿದ ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ನೋಡೋಣ. ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ ಶಿರ್ಮರ್ ಪರೀಕ್ಷೆ. ಐದು ನಿಮಿಷದಲ್ಲಿ 10 ಮಿಲಿಮೀಟರ್‌ಗಿಂತ ಜಾಸ್ತಿ ನೆಂದರೆ ಸರಿ, 5ಕ್ಕಿಂತ ಕಡಿಮೆ ಆದರೆ ನೀರಿನ ಕೊರತೆ. ನಿಮ್ಮದು 14 ಮತ್ತು 16 ಅಂತ ಬರೆದಿದ್ದೀರಿ. ಆಮೇಲೆ ಹಾಕಿದ ಹಳದಿ ಬಣ್ಣ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಕಾರ್ನಿಯಾ ತರಚಿದ್ದರೆ ಆ ಜಾಗ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ನಿಮಗೆ ಚುಕ್ಕೆ ಇರಲಿಲ್ಲ. ಒಂದು ಪರೀಕ್ಷೆ ನೀರನ್ನು ಅಳೆಯಿತು, ಇನ್ನೊಂದು ತರಚುಗಾಯ ಹುಡುಕಿತು. ನೋವನ್ನು ಯಾವುದೂ ಅಳೆಯಲಿಲ್ಲ ಅಲ್ವಾ? "ಅಂಥದ್ದೇನಿಲ್ಲ" ಅನ್ನುವ ಮಾತು ಆ ಕಾಗದಕ್ಕೆ, ಆ ಬಣ್ಣಕ್ಕೆ ಮಾತ್ರ ಸೇರಿದ್ದು.

ಇನ್ನು ಪೆನ್ಸಿಲ್ ಪ್ರಶ್ನೆ. ಮಗಳೇ, ಚೆನ್ನಾಗಿ ಕೇಳಿದೆ. ಕಣ್ಣೀರು ಬರೀ ನೀರಲ್ಲ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ತೆಳ್ಳನೆಯ ಎಣ್ಣೆ. ಹಾಲಿನ ಮೇಲಿನ ಕೆನೆ ಹಾಗೆ ಆ ಎಣ್ಣೆ ಕೆಳಗಿನ ನೀರು ಆರದಂತೆ ಕಾಯುತ್ತದೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಗ್ರಂಥಿಗಳಿಂದ ಅದು ಬರುತ್ತದೆ. ಅವುಗಳ ಹೆಸರು ಮೈಬೋಮಿಯನ್ ಗ್ರಂಥಿಗಳು, 17ನೇ ಶತಮಾನದಲ್ಲಿ ಇವನ್ನು ವಿವರಿಸಿದ ಜರ್ಮನಿಯ ವೈದ್ಯ ಮೈಬೋಮ್ ಹೆಸರೇ ನಿಂತಿದೆ. ಆ ಬಾಯಿಗಳು ಕಟ್ಟಿಕೊಂಡರೆ ಎಣ್ಣೆ ಬರುವುದಿಲ್ಲ, ನೀರು ಬೇಗ ಆರುತ್ತದೆ. ಕಾರ್ನಿಯಾದ ನರಗಳಲ್ಲಿ ಕೆಲವಕ್ಕೆ ತಂಪನ್ನು ಗುರುತಿಸುವುದೇ ಕೆಲಸ. ನೀರು ಆರುವಾಗ ಆಗುವ ಸಣ್ಣ ತಂಪು ಅವಕ್ಕೆ ಗೊತ್ತಾಗುತ್ತದೆ, "ಒಣಗ್ತಿದೆ" ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ, ಮಿದುಳು ನಲ್ಲಿ ತಿರುಗಿಸುತ್ತದೆ. ಬರುವ ನೀರಿನಲ್ಲಿ ಎಣ್ಣೆ ಸಾಲದು, ಕೆನ್ನೆ ಮೇಲೆ ಹರಿದು ಹೋಗುತ್ತದೆ. ಹೊಲಕ್ಕೆ ಹದವಾಗಿ ನೀರು ನಿಲ್ಲದೆ ಒಡ್ಡು ಒಡೆದುಕೊಂಡು ಹೋದ ಹಾಗೆ. ಅಮ್ಮನಿಗೆ ನೀರು ಬರುವುದೂ ನಿಜ, ಕಣ್ಣು ಒಣಗಿರುವುದೂ ನಿಜ.

ಅಕ್ಕಾ, ಈಗ ನಿಮ್ಮ ಹೊಲಿಗೆ ಕೋಣೆಗೆ ಬರೋಣ. ನೀವು ಬರೆಸಿದ ಆ ಒಂದು ಪ್ಯಾರಾ ನನಗೆ ರಿಪೋರ್ಟ್‌ಗಿಂತ ಜಾಸ್ತಿ ಹೇಳಿತು. ತಗಡಿನ ಚಾವಣಿ, ಎದುರಿಗೆ ಟೇಬಲ್ ಫ್ಯಾನ್ ಸೀದಾ ಮುಖಕ್ಕೆ, ಮೂಗಿಗೆ ಒರೆಸಿದ ಕರ್ಚೀಫ್ ಸಂಜೆಗೆ ನೀಲಿ. ಆ ನೀಲಿ ದೂಳು ಮೂಗಿಗೆ ಹೋಗುತ್ತದೆ ಅಂದರೆ ಕಣ್ಣಿಗೂ ಹೋಗುತ್ತದೆ. ಕಡುನೀಲಿ ಬಟ್ಟೆ ಮೇಲೆ ಕಡುನೀಲಿ ದಾರ. ಅದನ್ನು ಹಿಡಿಯಲು ಕಣ್ಣು ಮಿಟುಕಿಸುವುದನ್ನೇ ಮರೆಯುತ್ತೇವೆ. ಮನುಷ್ಯ ಆರಾಮಾಗಿ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ದಿಟ್ಟಿಸಿ ನೋಡುವ ಕೆಲಸದಲ್ಲಿ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು. ಹೊರಗೆ ನಮ್ಮ ಏಪ್ರಿಲ್-ಮೇ ಬಿಸಿಲು, 40 ಡಿಗ್ರಿ ದಾಟಿದ ಒಣಗಾಳಿ. ಸಂಡೂರಿನ ಅದಿರು ಲಾರಿ ಓಡುವ ರಸ್ತೆಯವರು, ಶಕ್ತಿನಗರದ ಕರೆಂಟ್ ಸ್ಥಾವರದ ಹಾರುಬೂದಿ ಪಕ್ಕದವರು, ಗಂಗಾವತಿಯ ರೈಸ್‌ಮಿಲ್ ತೌಡಿನ ನಡುವೆ ದುಡಿಯುವವರು, ಇವರೆಲ್ಲರ ಕಣ್ಣಿಗೂ ಇದೇ ಪಾಡು.

ಫ್ಯಾನ್ ತಿರುಗಿಸಿ. ಇದಕ್ಕೆ ದುಡ್ಡು ಬೇಡ. ಗಾಳಿ ಬೆನ್ನಿಗೆ ಬರಲಿ, ಇಲ್ಲ ಕಾಲಿಗೆ ಬರಲಿ. ಬದಿಯೂ ಮುಚ್ಚುವ ದೊಡ್ಡ ಬಿಳಿ ಕನ್ನಡಕ ಹಾಕಿ ಕೂತುಕೊಳ್ಳಿ, ವೆಲ್ಡಿಂಗ್ ಅಂಗಡಿಯವರು ನೋಡಿ ನಗಲಿ. ಒಂದು ಪ್ಯಾಂಟಿನ ಕಾಲು ಮುಗಿದರೆ ಹತ್ತು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯಿರಿ, ಅರ್ಧ ಮುಚ್ಚಿದರೆ ಎಣ್ಣೆ ಹರಡುವುದಿಲ್ಲ. ರಾತ್ರಿ ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ರೆಪ್ಪೆ ಮೇಲೆ ಐದರಿಂದ ಹತ್ತು ನಿಮಿಷ, ಆರಿದ ಹಾಗೆ ಮತ್ತೆ ಅದ್ದಿ. 40 ಡಿಗ್ರಿ ಸಾಕು, ಮಗುವಿನ ಸ್ನಾನದ ನೀರಿಗಿಂತ ಒಂದು ಚೂರು ಜಾಸ್ತಿ. ಆಮೇಲೆ ಬೆರಳಿನಿಂದ ಮೆಲ್ಲಗೆ ಮೇಲಿನ ರೆಪ್ಪೆ ಕೆಳಕ್ಕೆ, ಕೆಳಗಿನದು ಮೇಲಕ್ಕೆ ನೀವಿ. ಕಟ್ಟಿಕೊಂಡ ಎಣ್ಣೆ ಕರಗಿ ಬರಲಿ ಅಂತ ಇದು. ಆದರೆ ಕಾವು ಕೊಟ್ಟರೆ ಉರಿ ಹೆಚ್ಚಾಗುತ್ತದೆ ಅಂತಾದರೆ ನಿಲ್ಲಿಸಿಬಿಡಿ. ನರದ ನೋವು ಇದ್ದವರಲ್ಲಿ ಕೆಲವರಿಗೆ ಹಾಗೆ ಆಗುತ್ತದೆ. ಆಗ ಅದನ್ನೇ ಡಾಕ್ಟರ್‌ಗೆ ಹೇಳಿ, ಅದೂ ಒಂದು ಸುಳಿವು.

ಡ್ರಾಪ್ಸ್ ವಿಷಯಕ್ಕೆ ನನ್ನದೇ ದಡ್ಡತನ ಹೇಳಬೇಕು. ಪ್ರೂಫ್ ನೋಡಿ ನೋಡಿ ಕಣ್ಣು ಕೆಂಪಾಗಿತ್ತು. ಮೆಡಿಕಲ್ ಶಾಪಿನವನು ಕೊಟ್ಟ ಡ್ರಾಪ್ಸ್ ಹಾಕಿದೆ. ಎರಡೇ ದಿನಕ್ಕೆ ಹಾಲಿನಂತೆ ಬೆಳ್ಳಗಾಯಿತು. ಭಲೇ ಅಂದುಕೊಂಡು ಐದು ತಿಂಗಳು ಹಾಕಿದೆ. ಅದು ಸ್ಟೀರಾಯ್ಡ್. ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರವನ್ನೇ ಹಾಳು ಮಾಡುವ ಗ್ಲುಕೋಮಾದ ಬಾಗಿಲಿಗೆ ಹೋಗಿ ಬಂದೆ. ನಿಮ್ಮ ಚೀಟಿಯಲ್ಲೂ ಒಂದು ಕಡೆ ಆ ಜಾತಿಯ ಔಷಧಿ ಇದೆ, "15 ದಿನ" ಅಂತ ಬರೆದಿದ್ದಾರೆ. 15 ದಿನ ಅಂದರೆ 15 ದಿನ. ಬರೀ ತೇವ ಕೊಡುವ ಡ್ರಾಪ್ಸ್ ಬೇರೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹಯಲುರೊನೇಟ್ ಅಂತ ಬಾಟಲಿ ಮೇಲೆ ಇರುತ್ತದೆ, ಅದು ಪರವಾಗಿಲ್ಲ. ಆದರೆ ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಬೆನ್ಜಾಲ್ಕೋನಿಯಂ ಕ್ಲೋರೈಡ್ ಅನ್ನುವ ಪ್ರಿಸರ್ವೇಟಿವ್ ಕೆಡದಂತೆ ಕಾಯುತ್ತದೆ ನಿಜ, ಪದೇ ಪದೇ ಬಿದ್ದರೆ ಅದೇ ಕಾರ್ನಿಯಾವನ್ನು ಕೆರಳಿಸುತ್ತದೆ. ನಿಮ್ಮ ಅತ್ತೆ ಹೇಳಿದ ಈರುಳ್ಳಿ ರಸ, ಹರಳೆಣ್ಣೆ, ಜೇನುತುಪ್ಪ ಯಾವುದೂ ಕಣ್ಣೊಳಗೆ ಬೇಡ. ನಂದಿಬಟ್ಟಲ ಹೂವನ್ನು ದೇವರಿಗೆ ಏರಿಸಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ "ಕಣ್ಣು ನೋವು" ಅಂತ ಮಾತ್ರ ಹೇಳಿ ಸುಮ್ಮನಾಗಬೇಡಿ. ಎರಡು ನಿಮಿಷದಲ್ಲಿ ಅಷ್ಟೇ ಕೇಳಿಸುತ್ತದೆ ಅವರಿಗೆ. ಮಗಳ ಹಳೇ ನೋಟ್‌ಬುಕ್‌ನಲ್ಲಿ ಎರಡು ವಾರ ಬರೆಸಿ: ಯಾವ ಹೊತ್ತಿಗೆ, ಹತ್ತಕ್ಕೆ ಎಷ್ಟು ನೋವು, ಫ್ಯಾನ್ ಇತ್ತಾ, ಬೆಳಕು ಚುಚ್ಚಿತಾ, ಕಣ್ಣು ಮುಚ್ಚಿದರೆ ಕಡಿಮೆ ಆಯಿತಾ. ಆಮೇಲೆ ಒಂದು ಮಾತು ಕೇಳಿ: "ಮರಗಟ್ಟಿಸುವ ಡ್ರಾಪ್ಸ್ ಒಂದು ಹನಿ ಹಾಕಿ ನೋಡ್ತೀರಾ?" ಆ ಹನಿಗೆ ನೋವು ಪೂರ್ತಿ ಹೋದರೆ ತೊಂದರೆ ಕಣ್ಣಿನ ಮೇಲ್ಮೈಯಲ್ಲೇ ಇದೆ. ಕಣ್ಣು ಮರಗಟ್ಟಿದ ಮೇಲೂ ಉರಿ ಹಾಗೇ ಇದ್ದರೆ, ನೋವಿನ ದಾರಿ ಒಳಗೆ ಮಿದುಳಿನ ಕಡೆ ಕೆರಳಿದೆ ಅಂತ ಅನುಮಾನ. ಅರ್ಧಂಬರ್ಧ ಹೋದರೆ ಎರಡೂ ಇದೆ. ಇಷ್ಟು ಸುಲಭದ ಪರೀಕ್ಷೆಯನ್ನು ನಾಲ್ವರಲ್ಲಿ ಒಬ್ಬರೂ ಮಾಡಿಲ್ಲ ಅನ್ನುವುದು ನನಗೆ ಸಿಟ್ಟು ತರಿಸಿತು. ಒಂದು ಎಚ್ಚರಿಕೆ: ಆ ಡ್ರಾಪ್ಸ್ ಸ್ವರ್ಗದಂತೆ ಅನಿಸುತ್ತದೆ, ಮನೆಗೆ ಕೊಡಿ ಅಂತ ಕೇಳಲೇಬೇಡಿ. ದಿನಾ ಹಾಕಿದರೆ ಕಾರ್ನಿಯಾ ಕರಗಿಯೇ ಹೋಗಬಹುದು.

ಬಾಯಿ ಒಣಗುತ್ತದಾ, ರೊಟ್ಟಿ ನೀರಿಲ್ಲದೆ ಇಳಿಯುವುದಿಲ್ಲವಾ, ಕೀಲು ನೋವಾ? ಇದ್ದರೆ ಹೇಳಿ. ಶೋಗ್ರೆನ್ ಅನ್ನುವ ಕಾಯಿಲೆ ಇದೆ, ಹೆಂಗಸರಿಗೇ ಜಾಸ್ತಿ, ರಕ್ತಪರೀಕ್ಷೆ ಬೇಕಾಗುತ್ತದೆ. ಸೀನಿಗೆ ನುಂಗುವ ಸೆಟ್ರಿಜಿನ್ ಥರದ ಮಾತ್ರೆಯೂ ಕಣ್ಣು ಒಣಗಿಸುತ್ತದೆ, ಅದನ್ನೂ ಹೇಳಿ. ದಿಢೀರ್ ಅಂತ ದೃಷ್ಟಿ ಮಂಜಾದರೆ, ಕಣ್ಣು ಕೆಂಡವಾಗಿ ಕೀವು ಬಂದರೆ, ತಲೆನೋವು ವಾಂತಿ ಜೊತೆ ದೀಪದ ಸುತ್ತ ಬಣ್ಣದ ಉಂಗುರ ಕಂಡರೆ ನೋಟ್‌ಬುಕ್ ಬಿಟ್ಟು ಅವತ್ತೇ ಓಡಿ.

ನರದ ನೋವು ಅಂತ ತೀರ್ಮಾನ ಆದರೆ ದಾರಿಗಳಿವೆ. ನಿಮ್ಮದೇ ರಕ್ತ ತೆಗೆದು, ಮೆಷಿನ್‌ನಲ್ಲಿ ಗಿರಗಿರ ತಿರುಗಿಸಿ, ಮೇಲಿನ ತಿಳಿಯನ್ನು ಡ್ರಾಪ್ಸ್ ಮಾಡಿ ಕೊಡುತ್ತಾರೆ, ಫ್ರಿಡ್ಜ್‌ನಲ್ಲಿ ಇಡಬೇಕು. ನರ ಚಿಗುರಲು ಬೇಕಾದ ಅಂಶಗಳು ಅದರಲ್ಲಿರುತ್ತವೆ. ಊತಕ್ಕೆ ಸೈಕ್ಲೋಸ್ಪೊರಿನ್ ಡ್ರಾಪ್ಸ್ ಇದೆ, ಶುರುವಿಗೆ ಉರಿಯುತ್ತದೆ, ಗುಣ ಕಾಣಲು ತಿಂಗಳುಗಳೇ ಹಿಡಿಯಬಹುದು. ಅವ್ವನಿಗೆ ಕೊಟ್ಟಿದ್ದ ಗ್ಯಾಬಪೆಂಟಿನ್ ಮಾತ್ರೆಯನ್ನೇ ಕಣ್ಣಿನ ನರದ ನೋವಿಗೂ ಕೊಡುವುದುಂಟು. ಸಣ್ಣ ಡೋಸ್‌ನಿಂದ ಏರಿಸುತ್ತಾರೆ, ಮೊದಮೊದಲು ತೂಕಡಿಕೆ. ಮೆಷಿನ್ ಮುಂದೆ ಕೂರುವವರು ಇದನ್ನು ಡಾಕ್ಟರ್‌ಗೆ ತಿಳಿಸಲೇಬೇಕು, ಸೂಜಿ ಬೆರಳಿಗೆ ಇಳಿದೀತು. ಮೊದಲು ಬಳ್ಳಾರಿಯ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗಕ್ಕೆ ಹೋಗಿ, ನಾವೆಲ್ಲ ಇನ್ನೂ ವಿಮ್ಸ್ ಅನ್ನುವ ಅದೇ ಜಾಗ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ, ಕಾರ್ನಿಯಾ ಡಾಕ್ಟರನ್ನೇ ಕೇಳಿ.

ಕಣ್ಣು ಕಿತ್ತು ಇಡೋಣ ಅನಿಸುವ ರಾತ್ರಿಗಳ ಬಗ್ಗೆ. ಆ ಸಾಲನ್ನು ಮಗಳ ಕೈಲಿ ಬರೆಸಿದಿರಲ್ಲ, ಅವಳಿಗೂ ಗೊತ್ತು ಅಂತಾಯಿತು. ಮುಚ್ಚಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, ಸರ್ಕಾರದ್ದು, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಗೆ ಫೋನ್ ಮಾಡಿದರೆ "ಹಾಗಾದರೆ ಟೆನ್ಷನ್ನೇ" ಅಂತ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಮೂರು ವರ್ಷ ನಿದ್ದೆಗೆಡಿಸಿದ ನೋವು ಮನಸ್ಸನ್ನು ಬಿಟ್ಟೀತಾ? ನಿದ್ದೆಗೆಟ್ಟರೆ ನೋವೂ ಜಾಸ್ತಿ, ಒಂದಕ್ಕೊಂದು ಗಂಟು. ಯಾವ ತುದಿ ಮೊದಲು ಬಿಚ್ಚಿದರೂ ಸರಿ.

ಮನೆಯವರಿಗೆ ಈ ಪುಟವನ್ನು ಮಗಳು ಗಟ್ಟಿಯಾಗಿ ಓದಿ ಹೇಳಲಿ, ಸರ್ಪಸುತ್ತಿನ ಕಡೆ ಸ್ವಲ್ಪ ನಿಧಾನವಾಗಿ.

ಮತ್ತೆ, ಮಗಳೇ, ಅಕ್ಷರದ ದೂರು. ಕಾಗದ ಉಳಿಸಲು ಹೋದ ವರ್ಷ ಸಣ್ಣದು ಮಾಡಿದ್ದು ನಾನೇ. ಪ್ರೆಸ್‌ನವರಿಗೆ ಹೇಳಿದ್ದೇನೆ. ಒಂದು ಪಾಯಿಂಟ್ ದೊಡ್ಡದು ಮಾಡಿದರೆ ನಾಲ್ಕು ಪುಟ ಜಾಸ್ತಿ ಆಗುತ್ತದೆ ಅಂದರು. ಆಗಲಿ ಅಂದೆ.

— ಸಂಪಾದಕ