ಗಂಡ ಪ್ರೈವೇಟ್ ಅಂತಾರೆ, ನಾನು ಗವರ್ಮೆಂಟ್ ಅಂತೀನಿ, ಶುಕ್ರವಾರದೊಳಗೆ ದುಡ್ಡು ಕಟ್ಬೇಕಂತೆ

ಪತ್ರ: ಅಕ್ಕಾ, ನಮ್ದು ಅರಸೀಕೆರೆ ಕಡೆ, ಮದ್ವೆಯಾದ್ಮೇಲೆ ಬೆಂಗ್ಳೂರು, ಮಾಗಡಿ ರೋಡ್ ಕಡೆ ಬಾಡಿಗೆ ಮನೆ. ಇವ್ರು ಪೀಣ್ಯದಲ್ಲಿ ಮಷಿನ್ ಶಾಪಲ್ಲಿ ಸೂಪರ್‌ವೈಸರ್, ನಾನು ಆಸ್ಪತ್ರೆ ಬಿಲ್ಲಿಂಗ್ ಕೌಂಟರಲ್ಲಿ. ಇಬ್ರದೂ ಸೇರಿ ಕೈಗೆ 58 ಸಾವಿರ, ಅದ್ರಲ್ಲಿ 13 ಸಾವಿರ ಬಾಡಿಗೆ. ಮಗಳಿಗೆ ಮೇ ತಿಂಗಳಲ್ಲಿ ಆರು ತುಂಬುತ್ತೆ, ಈ ವರ್ಷ ಒಂದನೇ ಕ್ಲಾಸು. ಚಿಕ್ಕವನಿಗೆ ಎರಡು ವರ್ಷ. ನೈಸ್ ರೋಡ್ ಆಚೆ ಒಂದು ದೊಡ್ಡ ಪ್ರೈವೇಟ್ ಸ್ಕೂಲಿಗೆ ಹೋಗಿದ್ವಿ, ಫೀಸು 1 ಲಕ್ಷ 10 ಸಾವಿರ, ವ್ಯಾನು, ಪುಸ್ತಕ, ಯೂನಿಫಾರ್ಮ್ ಎಲ್ಲ ಬೇರೆ. ಅಲ್ಲಿ ನಮ್ಮಿಬ್ರನ್ನೂ ಕೂರಿಸ್ಕೊಂಡು ಇಂಗ್ಲಿಷಲ್ಲೇ ಪ್ರಶ್ನೆ ಕೇಳಿದ್ರು, ಇವ್ರಿಗೆ ಮಾತೇ ಬರ್ಲಿಲ್ಲ, ತಲೆ ತಗ್ಗಿಸ್ಕೊಂಡು ಕೂತಿದ್ರು. ಹೊರಗೆ ಬಂದವ್ರೇ "ನನ್ನ ಮಗಳು ಹಿಂಗೆ ಕೂರಬಾರ್ದು, ಇದೇ ಸ್ಕೂಲು" ಅಂದ್ರು. ನನ್ನ ಒಡವೆ ಅಡ ಇಟ್ಟು ಶುಕ್ರವಾರದೊಳಗೆ 25 ಸಾವಿರ ಕಟ್ಟಿ ಸೀಟು ಹಿಡೀಬೇಕಂತೆ. ಮನೆಯಿಂದ ಹತ್ತು ನಿಮಿಷ ನಡೆದ್ರೆ ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ಇದೆ, ಇಂಗ್ಲಿಷ್ ಮೀಡಿಯಂ ಸೆಕ್ಷನ್ನೂ ಇದೆ. ನಾನೂ ಗವರ್ಮೆಂಟ್ ಸ್ಕೂಲಲ್ಲೇ ಓದಿದ್ದು ಅಂದ್ರೆ "ಅದಕ್ಕೇ ಬಿಲ್ಲಿಂಗ್ ಕೌಂಟರಲ್ಲಿ ಕೂತಿದೀಯ" ಅಂದ್ರು. ನಾಲ್ಕು ದಿನದಿಂದ ಮಾತಿಲ್ಲ. ಅತ್ತೆ, ಗವರ್ಮೆಂಟ್ ಸ್ಕೂಲಿಗೆ ಹಾಕಿದ್ರೆ ಊರಲ್ಲಿ ಮುಖ ತೋರ್ಸಕ್ಕಾಗಲ್ಲ ಅಂತಾರೆ. ಇವ್ರಿಗೆ ಹೇಳ್ದೆ ಕೆಪಿಎಸ್‌ನಲ್ಲಿ ಅರ್ಜಿ ಹಾಕಿಬಿಡ್ಲಾ?

ಉತ್ತರ: ನೋಡಮ್ಮ, ಹೇಳದೆ ಅರ್ಜಿ ಹಾಕೋದು ಬೇಡ, ಅದನ್ನ ಮೊದಲೇ ಹೇಳಿಬಿಡ್ತೀನಿ. ಸ್ಕೂಲಿನ ಜಗಳ ಒಂದು ತಿಂಗಳಿಗೆ ಮುಗಿಯುತ್ತೆ, ಕದ್ದು ಮಾಡಿದ್ದು ಹತ್ತು ವರ್ಷ ಆದ್ರೂ ಮಾತಲ್ಲಿ ಬರುತ್ತೆ. ಹಾಗಂತ ಶುಕ್ರವಾರ 25 ಸಾವಿರ ಕಟ್ಟೋದೂ ಬೇಡ.

ಬಿಲ್ಲಿಂಗ್ ಕೌಂಟರ್ ಮಾತು ಕೆಟ್ಟ ಮಾತು, ಅದಕ್ಕೆ ಅವ್ರು ಸಾರಿ ಕೇಳ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಮಾತು ಬಂದಿದ್ದು ಎಲ್ಲಿಂದ ಅಂತ ನಿಮ್ಮ ಪತ್ರದಲ್ಲೇ ಇದೆ. ದಿನಾ ಮಷಿನ್ ಶಾಪಲ್ಲಿ ಹತ್ತಾರು ಜನಕ್ಕೆ ಕೆಲಸ ಹೇಳೋ ಮನುಷ್ಯ, ಹೆಂಡತಿ ಪಕ್ಕದಲ್ಲಿ ಕೂತಿರೋವಾಗ, ಮಗಳು ನೋಡ್ತಿರೋವಾಗ, ಒಂದು ಪ್ರಶ್ನೆಗೆ ಉತ್ತರ ಕೊಡಕ್ಕಾಗದೆ ತಲೆ ತಗ್ಗಿಸ್ಕೊಂಡು ಕೂತ್ರಲ್ಲ, ಆ ನೋವು ಇನ್ನೂ ಇಳಿದಿಲ್ಲ. ನಂಗೆ ವಿಚಿತ್ರ ಅನ್ಸೋದು ಅವ್ರು ಇಂಗ್ಲಿಷ್ ಬೇಕು ಅಂತಿರೋದಲ್ಲ, ಅದನ್ನ ಯಾವ ಅಪ್ಪನೂ ಕೇಳ್ತಾನೆ. ತನ್ನನ್ನ ಚಿಕ್ಕವನನ್ನಾಗಿ ಮಾಡಿದ ಅದೇ ಸ್ಕೂಲಿಗೇ ಒಡವೆ ಅಡ ಇಟ್ಟು ದುಡ್ಡು ಕಟ್ತೀನಿ ಅಂತಿದಾರಲ್ಲ, ಅದು. ಹಂಗೆ ಕೂರಿಸ್ಕೊಂಡು ಕೇಳೋ ಹಾಗೇ ಇಲ್ಲ ಅಂತ ಅವ್ರಿಗೆ ಗೊತ್ತಾ? 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಇ ಅಂತಾರಲ್ಲ, ಅದರ 13ನೇ ಸೆಕ್ಷನ್ ಪ್ರಕಾರ ಸೇರಿಸ್ಕೊಳ್ಳೋವಾಗ ಮಗೂನಾಗ್ಲಿ ಅಪ್ಪ ಅಮ್ಮನ್ನಾಗ್ಲಿ ಪರೀಕ್ಷೆ ಮಾಡಿ ಆರಿಸೋ ಹಂಗಿಲ್ಲ, ಮಾಡಿದ್ರೆ ಮೊದಲ ಸಲ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. "ಇಂಟರಾಕ್ಷನ್" ಅಂತ ಹೆಸರು ಬದಲಾಯ್ಸಿ ಎಷ್ಟೋ ಕಡೆ ರಾಜಾರೋಷವಾಗಿ ಮಾಡ್ತಾರೆ, ಯಾರೂ ಕೇಳಲ್ಲ ಅಂತ. ಇದನ್ನ ನಿಮ್ಮವ್ರಿಗೆ ಹೇಳಿ. ಜಗಳದ ಧಾಟಿಲಿ ಅಲ್ಲ, "ಅವತ್ತು ತಪ್ಪು ಮಾಡಿದ್ದು ಅವ್ರು, ನೀವಲ್ಲ ರೀ" ಅಂತ ಅಷ್ಟೇ ಹೇಳಿ, ಸ್ಕೂಲಿನ ಮಾತು ಮರುದಿನಕ್ಕೆ ಇರ್ಲಿ.

ಮರುದಿನ ಒಂದು ಪೇಪರು ಪೆನ್ನು ತಗೊಂಡು ಇಬ್ರೂ ಕೂತ್ಕೊಳ್ಳಿ. ಫೀಸು 1,10,000. ವ್ಯಾನು ವರ್ಷಕ್ಕೆ 24 ಸಾವಿರ ಅಂದ್ಕೊಳ್ಳೋಣ, ಪುಸ್ತಕ, ಎರಡು ಜೊತೆ ಯೂನಿಫಾರ್ಮು, ಶೂ, ಆ ಡೇ ಈ ಡೇ ಅಂತ 16 ಸಾವಿರ, ಒಟ್ಟು ಒಂದೂವರೆ ಲಕ್ಷ. ತಿಂಗಳಿಗೆ 12,500, ಅಂದ್ರೆ ನೀವು ಇನ್ನೊಂದು ಮನೆ ಬಾಡಿಗೆಗೆ ಹಿಡಿದ ಲೆಕ್ಕ. ಫೀಸು ವರ್ಷಕ್ಕೆ ಹತ್ತು ಪರ್ಸೆಂಟ್ ಏರ್ತಾ ಹೋದ್ರೆ ಹತ್ತನೇ ಕ್ಲಾಸಿಗೆ ಅದು 2 ಲಕ್ಷ 59 ಸಾವಿರ ಆಗುತ್ತೆ, ಹತ್ತು ವರ್ಷದ್ದು ಕೂಡಿದ್ರೆ ಬರೀ ಫೀಸೇ ಹದಿನೇಳೂವರೆ ಲಕ್ಷ. ಇನ್ನು ನಾಲ್ಕು ವರ್ಷಕ್ಕೆ ಚಿಕ್ಕವನೂ ಒಂದನೇ ಕ್ಲಾಸಿಗೆ ಬರ್ತಾನೆ, ಅವನನ್ನ ಬೇರೆ ಸ್ಕೂಲಿಗೆ ಹಾಕಕ್ಕಾಗುತ್ತಾ? ಮೊದಲನೇ ವರ್ಷಕ್ಕೇ ಒಡವೆ ಅಡಕ್ಕೆ ಹೋದ್ರೆ ಎರಡನೇ ವರ್ಷಕ್ಕೆ ಏನು ಅಡ ಇಡ್ತೀರಾ, ಈ ಪ್ರಶ್ನೆನ ನೀವು ಕೇಳ್ಬೇಡಿ, ಲೆಕ್ಕ ಅವ್ರ ಕೈಲೇ ಬರೆಸಿ, ಪೀಣ್ಯದಲ್ಲಿ ಸೂಪರ್‌ವೈಸರ್ ಆಗಿರೋರಿಗೆ ಲೆಕ್ಕ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಈಗ ನಿಮಗೊಂದು ಮಾತು, ಬೇಜಾರಾಗ್ಬೇಡಿ. "ನಾನೂ ಗವರ್ಮೆಂಟ್ ಸ್ಕೂಲಲ್ಲೇ ಓದಿದ್ದು" ಅನ್ನೋ ವಾದ ಬಿಟ್ಟುಬಿಡಿ. ನೀವು ಓದಿದ್ದು ಊರಿನ ಸ್ಕೂಲು, ಗೌಡ್ರ ಮಗ, ಅಂಗಡಿ ಶೆಟ್ರ ಮಗಳು, ಮೇಷ್ಟ್ರ ಮಕ್ಕಳು ಎಲ್ಲ ಅಲ್ಲೇ ಇದ್ರು, ಮೇಷ್ಟ್ರು ಸರಿಯಾಗಿ ಪಾಠ ಮಾಡ್ಲಿಲ್ಲ ಅಂದ್ರೆ ಸಂತೇಲಿ ಸಿಕ್ಕಾಗ ಕೇಳೋರಿದ್ರು. ಬೆಂಗ್ಳೂರಿನ ಸರ್ಕಾರಿ ಸ್ಕೂಲಲ್ಲಿ ಅನುಕೂಲಸ್ಥರ ಮಕ್ಕಳು ಕಾಣೋದೇ ಇಲ್ಲ, ರಾಯಚೂರು ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗೋ ಅಮ್ಮಂದಿರ ಮಕ್ಕಳು, ಮನೇಲಿ ತೆಲುಗು, ಉರ್ದು, ತಮಿಳು, ಹಿಂದಿ ಆಡೋ ಮಕ್ಕಳು, ಎಲ್ಲ ಒಂದೇ ರೂಮಲ್ಲಿ. ಸೈಟ್ ಕೆಲಸ ಮುಗೀತು ಅಂದ್ರೆ ಅರ್ಧ ವರ್ಷದಲ್ಲೇ ಕೆಲವು ಮಕ್ಕಳು ಎದ್ದು ಹೋಗ್ತಾರೆ. ಟೀಚರಿಗೆ ಇದು ಕಷ್ಟದ ಕೆಲಸ, ಒಳ್ಳೆ ಟೀಚರ್ ಇದ್ರೆ ನಿಭಾಯಿಸ್ತಾರೆ, ಇಲ್ಲದಿದ್ರೆ ಮಗು ಮೂರನೇ ಕ್ಲಾಸಿಗೆ ಬಂದ್ರೂ ನಾಲ್ಕು ಸಾಲು ಓದಲ್ಲ. ಆದ್ರಿಂದ ಗವರ್ಮೆಂಟಾ ಪ್ರೈವೇಟಾ ಅಂತ ಬೋರ್ಡ್ ನೋಡಿ ತೀರ್ಮಾನ ಮಾಡೋದು ನಿಮ್ಮ ಗಂಡನಿಗೂ ಸಲ್ಲದು, ನಿಮಗೂ ಸಲ್ಲದು. ಮಗಳಿಗೆ ಮುಂದಿನ ಮೂರ್ನಾಲ್ಕು ವರ್ಷ ಪಾಠ ಮಾಡೋ ಟೀಚರು ಯಾರು, ರೂಮಲ್ಲಿ ಎಷ್ಟು ಮಕ್ಕಳು, ಅದನ್ನ ಕಣ್ಣಾರೆ ನೋಡಬೇಕು. ಇನ್ನೊಂದು, ನೀವೀಗ ಆರಿಸ್ತಿರೋದು ಸಣ್ಣ ಕ್ಲಾಸುಗಳಿಗೆ ಮಾತ್ರ. ಐದು ಮುಗಿದ್ಮೇಲೆ ಟಿಸಿ ತಗೊಂಡು ಬೇರೆ ಕಡೆ ಹೋಗೋರು ಲೆಕ್ಕವಿಲ್ಲದಷ್ಟು ಜನ ಇದಾರೆ.

ಪತ್ರ ಬಂದಿದ್ದು ಮಾರ್ಚ್ ಮೊದಲ ವಾರ, ಒಳ್ಳೇದಾಯ್ತು. ಏಪ್ರಿಲ್ ಎರಡನೇ ವಾರಕ್ಕೆ ಸ್ಟೇಟ್ ಸ್ಕೂಲುಗಳಿಗೆ ರಜೆ, ಆಮೇಲೆ ಬಾಗಿಲು ತೆಗೆಯೋದು ಮೇ ಕೊನೆಗೆ. ಸ್ಕೂಲು ನಡೀತಿರೋವಾಗ್ಲೇ ನಿಮ್ಮವ್ರಿಗೆ ಒಂದು ಶನಿವಾರ ಅರ್ಧ ದಿನ ರಜೆ ಹಾಕ್ಸಿ, ಅತ್ತೆನೂ ಕರ್ಕೊಂಡು ಕೆಪಿಎಸ್‌ಗೆ ಹೋಗಿ. ಹೆಡ್‌ಮೇಷ್ಟ್ರ ಹತ್ರ ಕೂತು ನೇರವಾಗಿ ಕೇಳಿ, ಇಂಗ್ಲಿಷ್ ಸೆಕ್ಷನ್ನಿನ ಒಂದನೇ ಕ್ಲಾಸಿಗೆ ಪಾಠ ಮಾಡೋರು ಪರ್ಮನೆಂಟ್ ಟೀಚರಾ, ಅತಿಥಿ ಶಿಕ್ಷಕರಾ? ಅತಿಥಿ ಶಿಕ್ಷಕರು ಅಂದ ತಕ್ಷಣ ಕೆಟ್ಟವರು ಅಂತಲ್ಲ, ತುಂಬ ಚೆನ್ನಾಗಿ ಮಾಡೋರೂ ಇದಾರೆ, ಆದ್ರೆ ಅವ್ರು ಮುಂದಿನ ವರ್ಷ ಇರ್ತಾರೋ ಇಲ್ವೋ ಅವ್ರಿಗೇ ಗೊತ್ತಿರಲ್ಲ. ಕ್ಲಾಸಲ್ಲಿ ಎಷ್ಟು ಮಕ್ಕಳು ಕೇಳಿ, ಆರ್‌ಟಿಇ ಪ್ರಕಾರ ಪ್ರೈಮರೀಲಿ ಮೂವತ್ತು ಮಕ್ಕಳಿಗೊಬ್ಬ ಟೀಚರ್ ಇರ್ಬೇಕು. ಆಮೇಲೆ ಮೂರನೇ ಕ್ಲಾಸಿನ ಮಕ್ಕಳನ್ನ ಇಬ್ರನ್ನೋ ಮೂವರನ್ನೋ ಮಾತಾಡಿಸಿ, ಕನ್ನಡ ಪುಸ್ತಕ ಒಂದು ಪುಟ, ಇಂಗ್ಲಿಷ್ ಪುಸ್ತಕ ಒಂದು ಪುಟ ಓದಿಸಿ. ಟೀಚರ್ ಆರಿಸಿ ಕೊಟ್ಟ ಮಕ್ಕಳನ್ನಲ್ಲ, ಕಿಟಕಿ ಪಕ್ಕ ಸುಮ್ನೆ ಕೂತಿರ್ತಾವಲ್ಲ ಅಂಥವನ್ನ. ಹುಡುಗೀರ ಟಾಯ್ಲೆಟ್ಟಿಗೆ ನೀವೇ ಹೋಗಿ ನಲ್ಲಿ ತಿರುಗಿಸಿ ನೋಡಿ, ಆರು ವರ್ಷದ ಹೆಣ್ಣುಮಗುಗೆ ಕಂಪ್ಯೂಟರ್ ಲ್ಯಾಬ್‌ಗಿಂತ ಮೊದಲು ಬೇಕಾಗಿರೋದು ಅದು. ಕನ್ನಡ ಮೀಡಿಯಂ ಕಡೆ ಚಿಕ್ಕ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕಾರ್ಡ್ ಹಿಡ್ಕೊಂಡು ಕೂತಿದ್ರೆ ಅತ್ತೆ "ಇದೇನ್ ಪಾಠಾನೇ ನಡೀತಿಲ್ಲ" ಅನ್ನಬಹುದು, ಅದು ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾಗಿದ್ದು, ಚೆನ್ನಾಗಿ ಮಾಡಿದ್ರೆ ಮಕ್ಕಳು ಅದ್ರಲ್ಲಿ ಸೊಗಸಾಗಿ ಕಲೀತಾರೆ.

ಅಂದಹಾಗೆ ಕೆಪಿಎಸ್ ಅಂದ್ರೆ ನಿಮ್ಮ ಅತ್ತೆ ತಲೇಲಿರೋ ಹಂಚಿನ ಮನೆ ಸ್ಕೂಲಲ್ಲ, 2018-19ರಲ್ಲಿ ಶುರು ಮಾಡಿದ್ದು, ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಲ್ಲಿ ಇರ್ಲಿ ಅಂತ. 2019-20ರಲ್ಲಿ ಸಾವಿರ ಸರ್ಕಾರಿ ಸ್ಕೂಲುಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ ತೆಗೆದ್ರು, ನಮ್ಮ ಕನ್ನಡದವರೇ ಎಷ್ಟೋ ಜನ ವಿರೋಧ ಮಾಡಿದ್ರು. ಆ ವಿರೋಧದಲ್ಲಿ ನಂಗೂ ಅರ್ಧ ಮನಸ್ಸಿದೆ, ಮಗು ಮನೇಲಿ ಆಡೋ ಭಾಷೇಲೇ ಓದು ಬರಹ ಶುರುವಾದ್ರೆ ಗಟ್ಟಿ ಅಂತ ನಂಬೋಳು ನಾನು, ಒಂದರಿಂದ ಹತ್ತರ ತನಕ ಕನ್ನಡ ಮೀಡಿಯಮ್ಮಲ್ಲಿ ಓದಿದವರಿಗೆ ಸಿಇಟಿ ಸೀಟಲ್ಲಿ ಶೇ 5ರಷ್ಟು ಮೀಸಲಾತಿನೂ ಇದೆ. ಆದ್ರೆ ನಿಮ್ಮನೇಲಿ ಈಗಿನ ಪರಿಸ್ಥಿತಿಲಿ ಕನ್ನಡ ಮೀಡಿಯಂ ಅಂದ್ರೆ ಇನ್ನೊಂದು ಕುರುಕ್ಷೇತ್ರ ಆಗುತ್ತೆ. ಇಂಗ್ಲಿಷ್ ಸೆಕ್ಷನ್ ನಿಮ್ಮಿಬ್ರಿಗೂ ಒಪ್ಪೋ ಜಾಗ. ಒಂದೇ ತೊಂದರೆ, ಅಲ್ಲಿ ಸೀಟಿಗೆ ನೂಕುನುಗ್ಗಲು, ಅಲ್ಲೇ ಯುಕೆಜಿ ಮುಗಿಸಿದ ಮಕ್ಕಳು ಮೊದಲೇ ತುಂಬ್ಕೊಂಡಿರ್ತಾರೆ, ಹಾಗಾಗಿ ನೋಡಕ್ಕೆ ಹೋದ ದಿನವೇ ಖಾಲಿ ಎಷ್ಟಿದೆ ಕೇಳಿ.

ಬೇರೆ ದಾರಿಗಳ ಬಗ್ಗೆ ಬೇಗ ಹೇಳಿಬಿಡ್ತೀನಿ. ಕೇಂದ್ರೀಯ ವಿದ್ಯಾಲಯ ಈ ವರ್ಷ ಆಗಲ್ಲ, ಅಲ್ಲಿ ಮಾರ್ಚ್ 31ಕ್ಕೇ ಆರು ತುಂಬಿರ್ಬೇಕು, ನಮ್ಮ ರಾಜ್ಯದಲ್ಲಿ ಜೂನ್ 1, ನಿಮ್ಮ ಮಗಳು ಮೇನಲ್ಲಿ ಹುಟ್ಟಿದ್ದು ಇಲ್ಲಿಗೆ ಆಗುತ್ತೆ ಅಲ್ಲಿಗೆ ಆಗಲ್ಲ. ಆರ್‌ಟಿಇ ಸೀಟು, ಅಂದ್ರೆ ಪ್ರೈವೇಟ್ ಸ್ಕೂಲಲ್ಲಿ ಬಡವರ ಮಕ್ಕಳಿಗೆ ಅಂತಿದ್ದ ಫ್ರೀ ಸೀಟು, ಕೊಡಿಸ್ತೀನಿ ಅಂತ ಯಾರಾದ್ರೂ ಏಜೆಂಟ್ ಬಂದ್ರೆ ಒಂದು ರೂಪಾಯಿ ಕೊಡ್ಬೇಡಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಸ್ಕೂಲಿದ್ರೆ ಪ್ರೈವೇಟಲ್ಲಿ ಆ ಸೀಟು ಇಲ್ಲ ಅಂತ 2019-20ರಿಂದ ನಿಯಮ ಬದಲಾಗಿ ಬೆಂಗ್ಳೂರಲ್ಲಿ ಅದು ಹೆಚ್ಚೂಕಮ್ಮಿ ನಿಂತೇಹೋಗಿದೆ. ಕೆಪಿಎಸ್ ನೋಡಿ ಮನಸ್ಸಿಗೆ ಹಿಡಿಸ್ಲಿಲ್ಲ ಅಂದ್ರೆ? ಆಗ ನಡೆದು ಹೋಗೋಷ್ಟು ಹತ್ರದಲ್ಲಿ ಮೂವತ್ತು ನಲವತ್ತು ಸಾವಿರದ ಪ್ರೈವೇಟ್ ಸ್ಟೇಟ್ ಸಿಲಬಸ್ ಸ್ಕೂಲು ಇದ್ರೆ ನೋಡಿ, ಇದೇ ಪ್ರಶ್ನೆಗಳನ್ನೇ ಅಲ್ಲೂ ಕೇಳಿ. ಅಲ್ಲಿ ಟೀಚರ್‌ಗಳಿಗೆ ಸಂಬಳ ಕಮ್ಮಿ, ಇನ್ನೆಲ್ಲೋ ಎರಡು ಸಾವಿರ ಜಾಸ್ತಿ ಸಿಕ್ಕಿದ್ರೆ ನಡುವರ್ಷದಲ್ಲೇ ಬಿಟ್ಟು ಹೋಗ್ತಾರೆ, ಬೋರ್ಡ್ ಮೇಲೆ ಬರೆದಿದ್ದನ್ನ ನೋಟ್ಸಿಗೆ ಇಳಿಸೋದೇ ಓದು ಅನ್ನೋ ಜಾಗಗಳೂ ಇವೆ. ಹೆಸರಲ್ಲಿ ಇಂಟರ್‌ನ್ಯಾಷನಲ್ ಇರೋದಕ್ಕೂ ಒಳಗೆ ನಡೆಯೋದಕ್ಕೂ ಸಂಬಂಧ ಹುಡುಕ್ಬೇಡಿ.

ಆ ದೊಡ್ಡ ಸ್ಕೂಲೇ ಬೇಕು ಅಂತ ನಿಮ್ಮವ್ರು ಆಮೇಲೂ ಹಟ ಹಿಡಿದ್ರೆ, ದುಡ್ಡು ಕೊಡೋ ಮೊದಲು ಒಂದು ಕೆಲ್ಸ ಅವ್ರಿಗೇ ವಹಿಸಿ. ಸಿಬಿಎಸ್‌ಇ ಅಂತಿದ್ರೆ ಅಫಿಲಿಯೇಷನ್ ನಂಬರ್ ಕೇಳಿ ಸಿಬಿಎಸ್‌ಇ ವೆಬ್‌ಸೈಟಲ್ಲಿ ಆ ಬ್ರಾಂಚ್ ಹೆಸರು, ವಿಳಾಸ ಹೊಂದುತ್ತಾ ನೋಡ್ಲಿ. ಒಂದು ಬ್ರಾಂಚಿಗೆ ಇದ್ರೆ ಇನ್ನೊಂದಕ್ಕೂ ಇದೆ ಅಂತಲ್ಲ, "ಸಿಬಿಎಸ್‌ಇ ಪ್ಯಾಟರ್ನ್" ಅಂದ್ರೆ ಅಫಿಲಿಯೇಷನ್ ಇದೆ ಅಂತಲೂ ಅಲ್ಲ. 2023ರ ಜನವರಿಲಿ ಇದೇ ವಿಷಯಕ್ಕೆ ಬೆಂಗ್ಳೂರಲ್ಲಿ ಅಪ್ಪ ಅಮ್ಮಂದಿರು ಸ್ಕೂಲ್ ಗೇಟ್ ಮುಂದೆ ನಿಂತು ಕೂಗಾಡಿದ್ದು. ಡೊನೇಷನ್ ಕೇಳಿದ್ರೆ ಅದೂ ಕಾನೂನಲ್ಲಿ ಇಲ್ಲ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇರ್ಬೇಕು. ಶುಕ್ರವಾರ ಲಾಸ್ಟ್ ಡೇಟ್ ಅನ್ನೋದು ಯೋಚನೆ ಮಾಡಕ್ಕೆ ಟೈಮ್ ಕೊಡದೆ ಇರೋ ಉಪಾಯ, ಮುಂದಿನ ಶುಕ್ರವಾರವೂ ಫೋನ್ ಬಂದೇ ಬರುತ್ತೆ ನೋಡ್ತಿರಿ.

ನನ್ನ ಅಭಿಪ್ರಾಯ ಕೇಳಿದ್ರೆ, ಟೀಚರ್ ಸರಿಯಾಗಿದ್ದು ನಲ್ಲೀಲಿ ನೀರು ಬಂದ್ರೆ ಕೆಪಿಎಸ್‌ಗೇ ಹಾಕಿ. ಹತ್ತು ನಿಮಿಷದ ದಾರಿ, ಅತ್ತೆನೇ ಕೈ ಹಿಡಿದು ಬಿಟ್ಟು ಕರ್ಕೊಂಡು ಬರಬಹುದು, ಮಾಗಡಿ ರೋಡ್ ಟ್ರಾಫಿಕ್‌ನಲ್ಲಿ ವ್ಯಾನೊಳಗೆ ಮಗು ಬೆಂದು ಬರೋದು ತಪ್ಪುತ್ತೆ. ಬಿಸಿಯೂಟ ಇದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡ್ತಾರೆ, ಬೆಳಿಗ್ಗೆ ಮಗಳ ಡಬ್ಬಿ ಕಟ್ಟೋ ಗಡಿಬಿಡಿ ನಿಮಗೆ ಇಲ್ಲ. ಅದಕ್ಕಿಂತ ದೊಡ್ಡದು ನಿಮ್ಮ ಗಂಡನ ವಿಷಯ. ಆ ದೊಡ್ಡ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗಿಗೆ ಅವ್ರು ಒಂದು ಸಲ ಹೋಗ್ತಾರೆ, ಎರಡನೇ ಸಲ "ನೀನೇ ಹೋಗು" ಅಂತಾರೆ, ಆಮೇಲೆ ಮಗಳ ಓದಿಂದಾನೇ ದೂರ ಆಗ್ತಾರೆ. ಇಲ್ಲಿ ಟೀಚರ್ ಹತ್ರ ಅವ್ರದೇ ಭಾಷೇಲಿ ನಿಂತು ಕೇಳಬಹುದು. ಎಸ್‌ಡಿಎಂಸಿ ಅಂತ ಸ್ಕೂಲು ನೋಡ್ಕೊಳ್ಳೋ ಸಮಿತಿ ಇರುತ್ತಲ್ಲ, ಆರ್‌ಟಿಇ ಪ್ರಕಾರ ಅದ್ರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧದಷ್ಟು ಹೆಂಗಸರು, ಅವ್ರಾದ್ರೂ ನಿಲ್ಲಬಹುದು ನೀವಾದ್ರೂ ನಿಲ್ಲಬಹುದು. ಕೆಟ್ಟ ಫ್ಯಾನು, ನೀರಿನ ಮೋಟ್ರು ರಿಪೇರಿ ಮಾಡೋ ಅಪ್ಪ ಸಿಕ್ರೆ ಯಾವ ಹೆಡ್‌ಮೇಷ್ಟ್ರೂ ಬೇಡ ಅನ್ನಲ್ಲ.

ಇಂಗ್ಲಿಷಿನ ಭಯಕ್ಕೆ ಉತ್ತರ ಮನೇಲಿ ಕೊಡಬೇಕು, ಸ್ಕೂಲ್ ಒಂದನ್ನೇ ನಂಬ್ಕೊಂಡು ಅಲ್ಲ. ಉಳಿಯೋ ದುಡ್ಡಲ್ಲಿ ತಿಂಗಳಿಗೆ ಒಂದೆರಡು ಸಾವಿರ ಚಿತ್ರ ಇರೋ ಕಥೆಪುಸ್ತಕಕ್ಕೋ, ಅಕ್ಕಪಕ್ಕದಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡ್ಸೋ ಟೀಚರ್ ಇದ್ರೆ ಅವ್ರಿಗೋ ಇಡಿ. ಕೌಂಟರಲ್ಲಿ ದಿನಾ ಇಂಗ್ಲಿಷ್ ಬಿಲ್ ಓದೋ ನಿಮಗೆ ಒಂದನೇ ಕ್ಲಾಸಿನ ಪುಸ್ತಕ ಕಷ್ಟ ಅಲ್ಲ, ರಾತ್ರಿ ಸ್ವಲ್ಪ ಹೊತ್ತು ಜೋರಾಗಿ ಓದಿ, ನಿಮ್ಮವ್ರನ್ನೂ ಪಕ್ಕ ಕೂರಿಸ್ಕೊಳ್ಳಿ. ಮಗಳ ಜೊತೆ ಅವ್ರೂ ಕಲಿತ್ರೆ ಯಾರಿಗೂ ಗೊತ್ತೂ ಆಗಲ್ಲ. ಪೋಸ್ಟ್ ಆಫೀಸಲ್ಲಿ ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆಗೀರಿ, ಹತ್ತು ವರ್ಷದೊಳಗೆ ತೆಗೆಯಬೇಕು, ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದ ತನಕ ಎಷ್ಟಾದ್ರೂ ಹಾಕಬಹುದು, ಹದಿನೆಂಟಾದ್ಮೇಲೆ ಓದಿಗೆ ಅರ್ಧದವರೆಗೆ ತೆಗೆಯಕ್ಕಾಗುತ್ತೆ. ಊರಲ್ಲಿ ಯಾರಾದ್ರೂ ಕೇಳಿದ್ರೆ ಅತ್ತೆ "ಪಬ್ಲಿಕ್ ಸ್ಕೂಲು, ಇಂಗ್ಲಿಷ್ ಮೀಡಿಯಂ" ಅಂದ್ರೆ ಸಾಕು, ಅದು ಸುಳ್ಳೇನಲ್ಲವಲ್ಲ.

ಶನಿವಾರ ಹೋಗೋವಾಗ ಮಗಳ ಜನನ ಪ್ರಮಾಣಪತ್ರ, ಆಧಾರ್, ಯುಕೆಜಿ ಟಿಸಿ ಇದ್ರೆ ಅದು, ಇಷ್ಟರ ಜೆರಾಕ್ಸ್ ಬ್ಯಾಗಲ್ಲಿಟ್ಕೊಳ್ಳಿ. ನೋಡಿದ ಮೇಲೆ ಇಬ್ರೂ ಒಪ್ಪಿದ್ರೆ ಅರ್ಜಿ ಅಲ್ಲೇ ಬರೆದು ಕೊಡಿ, ಸಹಿ ಮಾತ್ರ ಅವ್ರ ಕೈಲಿ ಹಾಕ್ಸಿ.