ಕ್ಯಾಮೆರಾ ಬೇಡ, ಟೈಮ್‌ಟೇಬಲ್ ತನ್ನಿ

ಪ್ರಶ್ನೆ: ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಪತ್ರಿಕೆಯನ್ನು ಬ್ಲೆಂಡೆಡ್ (ಸ್ವಲ್ಪ ಕ್ಲಾಸಿನಲ್ಲಿ, ಸ್ವಲ್ಪ ಆನ್‌ಲೈನಿನಲ್ಲಿ) ಮಾಡಲು ಎಲ್ಲ ಪಾಠವನ್ನೂ ರೆಕಾರ್ಡ್ ಮಾಡಿ ಹಾಕಿದ್ದೇನೆ, ಒಂದೊಂದೂ 50 ನಿಮಿಷ. ಹುಡುಗರು ನೋಡುತ್ತಿಲ್ಲ. ಒಳ್ಳೆಯ ಕ್ಯಾಮೆರಾ ಕೊಂಡರೆ ಸರಿ ಹೋಗುತ್ತಾ?

ಉತ್ತರ: ದುಡ್ಡು ಉಳಿಸಿ ಸರ್. ಅದೇ ಪಾಠವನ್ನು ಕ್ಲಾಸಿನಲ್ಲೂ ಹೇಳುತ್ತೀರಿ ಅಲ್ವಾ? ಮತ್ತೆ ಯಾಕೆ ನೋಡಬೇಕು ಅವರು? ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೆಲವೊಮ್ಮೆ ಕ್ಯಾಮೆರಾ ಬದಲು ಮೈಕ್ ಇರುತ್ತದೆ, ಅಷ್ಟೇ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಕರಡು ಟಿಪ್ಪಣಿ ಒಂದು ಕೋರ್ಸಿನ ಶೇ 40ರವರೆಗೆ ಆನ್‌ಲೈನ್ ಇರಬಹುದು ಎಂದಿತ್ತು. ನಾಲ್ಕು ಕ್ರೆಡಿಟ್ಟಿನ ಥಿಯರಿ ಪತ್ರಿಕೆಗೆ 60 ಗಂಟೆ. 24 ಗಂಟೆ ಆನ್‌ಲೈನಿಗೆ ಹೋದರೆ ಕ್ಲಾಸು 36ಕ್ಕೆ ಇಳಿಯಬೇಕು. ನೀವು 60 ಅನ್ನು ಹಾಗೇ ಇಟ್ಟು ಮೇಲೆ ವಿಡಿಯೊ ಹೇರಿದ್ದೀರಿ. ಚಿಂಚೋಳಿ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ಹುಡುಗಿಗೆ ಅದು ಒಂದೂವರೆ ಕೋರ್ಸು. ಮೊದಲು ಯಾವ ಕ್ಲಾಸು ಬಿಡುತ್ತೀರಿ ಅಂತ ಟೈಮ್‌ಟೇಬಲ್‌ನಲ್ಲಿ ಗುರುತು ಹಾಕಿ.

ಆಮೇಲೆ ಮುಖಾಮುಖಿ ಸಿಗುವ ಹೊತ್ತಿನಲ್ಲಿ ಏನು ಮಾಡಿಸುತ್ತೀರಿ ಅಂತ ಬರೆಯಿರಿ. ವಿಡಿಯೊ ಕೊನೆಗೆ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೇ (ಬೆಲೆ ಬದಲಾದರೆ ಕೊಳ್ಳುವುದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ತೆಗೆದುಕೊಳ್ಳಿ. ಸೂತ್ರ ಮನೆಯಲ್ಲಿ ನೋಡಲಿ, ಆರೇಳು ನಿಮಿಷ ಸಾಕು. 2014ರಲ್ಲಿ ಆನ್‌ಲೈನ್ ಪಾಠದ ತಾಣವಾದ ಎಡ್‌ಎಕ್ಸ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಲೆಕ್ಕ ಹಾಕಿದಾಗ, ವಿಡಿಯೊ ಎಷ್ಟೇ ಉದ್ದವಿದ್ದರೂ ಅರ್ಧದಷ್ಟು ಸಲ ನೋಟ 6 ನಿಮಿಷ ದಾಟಿರಲಿಲ್ಲ. ಕೊನೆಗೆ ಎರಡು ಪ್ರಶ್ನೆ ಇರಲಿ, ಉತ್ತರಕ್ಕೆ ಇಂಟರ್ನಲ್ ಅಂಕ ಇರಲಿ. ಕ್ಲಾಸಿಗೆ ಬರುವಾಗ ತಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆಯ ಬೆಲೆ, ಮಾರಾಟ ಕೇಳಿಕೊಂಡು ಬರಲಿ. ಬೆಲೆ ಏರಿದರೂ ಬೇಳೆ ಕೊಳ್ಳುವುದು ಯಾಕೆ ಅಷ್ಟಾಗಿ ಇಳಿಯಲ್ಲ? ಜಗಳ ಆಡಿಸಿ. ಆ ಜಗಳ ವಿಡಿಯೊದಲ್ಲಿ ಆಗುವುದಿಲ್ಲ.

ಡೇಟಾ ಕಡಿಮೆ ಇರುವವರಿಗೆ ಅದೇ ಪಾಠದ ಆಡಿಯೊ ಕೊಡಿ. 64 ಕೆಬಿಪಿಎಸ್‌ನಲ್ಲಿ ಹತ್ತು ನಿಮಿಷಕ್ಕೆ ಸುಮಾರು 5 ಎಂಬಿ. ಸೂತ್ರ, ನಕ್ಷೆಗೆ ಒಂದು ಪುಟದ ಪಿಡಿಎಫ್.

ಪ್ರಶ್ನೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಗುಂಪು ಮಾಡಿ ಬೇರೆ ಬೇರೆ ಪಾಠ ಹಾಕಲೇ? (ಬೀದರ್)

ಉತ್ತರ: ಬೇಡ. 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಹುಡುಕಿದಾಗಲೇ ಇದಕ್ಕೆ ತಕ್ಕ ಪುರಾವೆ ಸಿಗಲಿಲ್ಲ. ಇದನ್ನೇ ಎರಡು ದಿನದ ತರಬೇತಿ ಮಾಡಿ ಸರ್ಟಿಫಿಕೇಟ್ ಮಾರುವವರಿದ್ದಾರೆ, ದೂರ ಇರಿ.

ಪ್ರಶ್ನೆ: ಒಂದು ಏಜೆನ್ಸಿ ವಾರದಲ್ಲಿ ಇಡೀ ಕೋರ್ಸು ತಯಾರಿಸಿಕೊಡುತ್ತದಂತೆ. (ಯಾದಗಿರಿ)

ಉತ್ತರ: ಕೊಡುತ್ತದೆ. ಪರೀಕ್ಷೆಯನ್ನೂ ಅದೇ ಬರೆದುಕೊಡುತ್ತಾ, ಕೇಳಿ.