ನಿಮ್ಮ ಲೇಖನದಲ್ಲಿ ಥಾರ್ ಎಲ್ಲಿದೆ?

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಮರಳ ನಾಡಿನ ಮಾತುಗಳು’ ಲೇಖನವನ್ನು ಪೂರ್ತಿ ಓದಿದೆ. ಕೆಲಸದ ಮೇಲೆ ಜೋಧಪುರದಲ್ಲಿರುವ ನೀವು, ಥಾರ್ ಮರುಭೂಮಿಯ ಚರಿತ್ರೆ, ಸಂಸ್ಕೃತಿ ಕುರಿತು ಅಲ್ಲಿ ನಡೆದ ಮೂರು ಸಾರ್ವಜನಿಕ ಉಪನ್ಯಾಸಗಳನ್ನು ಕೇಳಿ ಬರೆದಿದ್ದೀರಿ. ಒಂದು ನೀರಿನ ಬಗ್ಗೆ, ಇನ್ನೊಂದು ಮಾಂಗಣಿಯಾರರು ಎಂಬ ಹಾಡುಗಾರ ಸಮುದಾಯದ ಸಂಗೀತದ ಬಗ್ಗೆ, ಮೂರನೆಯದು ಪಾಬೂಜಿಯ ಫಡ್ ಬಗ್ಗೆ, ಅಂದರೆ ಪಾಬೂಜಿ ಎಂಬ ಜನಪದ ದೇವರ ಕಥೆ ಬಿಡಿಸಿದ ಬಟ್ಟೆಯ ಚಿತ್ರಪಟದ ಬಗ್ಗೆ. ಕನ್ನಡದಲ್ಲಿ ಇಂಥ ಬರಹ ಕಡಿಮೆ. ಹಾಗಾಗಿ ಆಸೆಯಿಂದಲೇ ಓದಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ.

ಮೊದಲ ಎರಡು ಪುಟದ ತುಂಬ ದೀಪ ಬೆಳಗಿದ್ದು, ಶಾಲು ಹೊದಿಸಿದ್ದು, ಸ್ವಾಗತ, ವಂದನಾರ್ಪಣೆ. ಉಪನ್ಯಾಸಕರು ಏನು ಹೇಳಿದರು ಅನ್ನುವುದಕ್ಕೆ ಸಿಕ್ಕಿರುವುದು ‘ಬಹಳ ಮಾಹಿತಿಪೂರ್ಣವಾಗಿ ಮಾತನಾಡಿದರು’ ಎಂಬ ಒಂದೇ ಸಾಲು. ಓದುಗರು ಆ ಸಭೆಯಲ್ಲಿ ಇರಲಿಲ್ಲ. ಅವರಿಗೆ ಬೇಕಿರುವುದು ನೀವು ಅಲ್ಲಿ ತಿಳಿದುಕೊಂಡ ಥಾರ್.

ನೀರಿನ ಭಾಗವನ್ನೇ ನೋಡಿ. ‘ಹನಿ ನೀರಿಗೂ ಹಾಹಾಕಾರ’ ಅಂತ ಶುರು ಮಾಡಿದ್ದೀರಿ. ನಡುವೆ ಒಂದು ಕಡೆ, ಸುಮ್ನೆ ಹಾದುಹೋಗುವ ಹಾಗೆ, ‘ಕುಂಯಿ ಎಂಬ ಸಣ್ಣ ಬಾವಿಗಳೂ ಇವೆಯಂತೆ’ ಅಂದಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ!

ಥಾರ್‌ನ ಬಹಳ ಕಡೆ ಆಳದ ನೀರು ಉಪ್ಪು. ಆದರೆ ಕೆಲವು ಕಡೆ ಮರಳಿನ ಕೆಳಗೆ, ಆ ಉಪ್ಪುನೀರಿಗಿಂತ ಮೇಲೆ, ಜಿಪ್ಸಮ್ಮಿನ ಗಟ್ಟಿ ಪದರ ಇರುತ್ತದೆ. ಮಳೆನೀರು ಮರಳಲ್ಲಿ ಇಂಗಿ, ಆ ಪದರದ ಮೇಲೆ ತೇವವಾಗಿ ಉಳಿಯುತ್ತದೆ. ಅಲ್ಲಿ ಕಿರಿದಾದ ಬಾವಿ ತೋಡಿದರೆ ಸುತ್ತಲ ಮರಳಿನಿಂದ ಸಿಹಿನೀರು ಒಸರುತ್ತದೆ. ಬಾವಿ ಅಗಲವಾದರೆ ಆ ಚೂರು ನೀರು ತಳದಲ್ಲಿ ಹರಡಿಬಿಡುತ್ತದೆ, ಸೇದಲು ಸಿಗುವುದಿಲ್ಲ. ಹಾಗಾಗಿ ಒಬ್ಬ ಮನುಷ್ಯ ಕೂತು ತೋಡುವಷ್ಟೇ ಜಾಗ. ಮರಳು ಕುಸಿಯದಂತೆ ಕೆಲವೆಡೆ ಖೀಂಪ್ ಗಿಡದ ನಾರಿನ ದಪ್ಪ ಹಗ್ಗವನ್ನು ಒಳಗೋಡೆಗೆ ಸುರುಳಿ ಸುತ್ತುತ್ತಾರೆ. ಒಳಗೆ ತೋಡುವವನಿಗೆ ಸೆಕೆ ತಡೆಯಲಾಗದು. ಮೇಲೆ ನಿಂತವರು ಆಗಾಗ ಹಿಡಿ ಹಿಡಿ ಮರಳನ್ನು ಜೋರಾಗಿ ಒಳಗೆ ಎಸೆಯುತ್ತಾರೆ. ಅದರ ಜೊತೆ ಹೊಸ ಗಾಳಿ ಇಳಿಯಲಿ ಅಂತ. ಮರಳು ತಲೆಗೆ ಬೀಳದ ಹಾಗೆ ಅವನು ಲೋಹದ ಪಾತ್ರೆಯೊಂದನ್ನು ಟೊಪ್ಪಿಯಂತೆ ಹಾಕಿಕೊಂಡಿರುತ್ತಾನೆ.

ನೆಲವನ್ನು ಇಷ್ಟು ಚೆನ್ನಾಗಿ ಓದಿದ ಜನರನ್ನು ‘ಹಾಹಾಕಾರ’ ಅನ್ನುವ ಒಂದು ಪದದಲ್ಲಿ ಮುಗಿಸಿದರೆ ಅವರಿಗೆ ಅನ್ಯಾಯ ಆಗುತ್ತದೆ, ಅಲ್ವಾ? ಬರ ಇರಲಿಲ್ಲ ಅಂತಲ್ಲ. ವಿಕ್ರಮ ಸಂವತ್ 1956ರ, ಅಂದರೆ 1899–1900ರ ಭೀಕರ ಬರವನ್ನು ಅಲ್ಲಿ ‘ಛಪ್ಪನಿಯಾ’ ಅಂತ ಕರೆಯುತ್ತಾರೆ. ಅದನ್ನೂ ಬರೆಯಿರಿ. ಹೆಸರು, ವರ್ಷ ಕೊಟ್ಟು ಬರೆಯಿರಿ.

ಸಂಗೀತದ ಭಾಗದಲ್ಲಿ ಮಾಂಗಣಿಯಾರರನ್ನು ‘ಭಾವೈಕ್ಯದ ಸಂಕೇತ’ ಅಂದು ಮುಂದೆ ಹೋಗಿದ್ದೀರಿ. ಅದು ಭಾಷಣದ ಮಾತು. ಅವರು ಮುಸ್ಲಿಮರು, ತಲೆಮಾರುಗಳಿಂದ ಹಾಡುತ್ತಿರುವುದು ಹೆಚ್ಚಾಗಿ ಹಿಂದೂ ರಜಪೂತ ಮನೆಗಳಲ್ಲಿ. ಆ ಮನೆಯವರು ಇವರ ಜಜ್ಮಾನರು, ಅಂದರೆ ಆಶ್ರಯದಾತರು. ಮಗು ಹುಟ್ಟಿದರೆ, ಮದುವೆಯಾದರೆ ಹೋಗಿ ಹಾಡಬೇಕು, ಮನೆತನದ ವಂಶಾವಳಿ ಬಾಯಲ್ಲಿರಬೇಕು. ಪ್ರತಿಯಾಗಿ ಕಾಳು, ಹಣ, ದನಕರು ಸಿಗುತ್ತಿತ್ತು. ಇದರಲ್ಲಿ ಪ್ರೀತಿಯೂ ಇದೆ, ಮೇಲು ಕೀಳೂ ಇದೆ. ಎರಡನ್ನೂ ಹೇಳುವ ಧೈರ್ಯ ಮಾಡಿ. ಕಮಾನಿನಿಂದ ನುಡಿಸುವ ಅವರ ತಂತಿವಾದ್ಯ ಕಮಾಯಚಾಕ್ಕೆ ಆಡಿನ ಚರ್ಮ ಬಿಗಿದಿರುತ್ತದೆ ಅಂತ ಬರೆದಿರುವ ಸಾಲು ಚೆನ್ನಾಗಿದೆ, ಉಳಿಸಿಕೊಳ್ಳಿ.

ಇನ್ನೊಂದು ವಿಷಯ. ಈ ಸಂಗೀತ ಊರಾಚೆಯ ವೇದಿಕೆ ಹತ್ತಿದ್ದರ ಹಿಂದೆ ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಅವರ ದುಡಿಮೆ ದೊಡ್ಡದು. ಅವರು ಮತ್ತು ರಾಜಸ್ಥಾನಿ ಕಥೆಗಾರ ವಿಜಯದಾನ್ ದೇಥಾ 1960ರಲ್ಲಿ ಬೋರುಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನ್ ಕಟ್ಟಿದರು. ಹಾಡು, ಕಥೆ ಕೂಡಿಸಿದರು. ನಿಮ್ಮ ಲೇಖನದಲ್ಲಿ ಈ ಇಬ್ಬರ ಹೆಸರೇ ಇಲ್ಲ. ಹೆಂಗಸರೂ ಇಲ್ಲ. ಮಾಂಗಣಿಯಾರ್ ಹೆಂಗಸರು ಜಜ್ಮಾನರ ಮನೆಯೊಳಗೆ ಹಾಡುತ್ತಾರೆ, ವೇದಿಕೆಗೆ ಬರುವುದು ಅಪರೂಪ. ಬಂದವರಲ್ಲಿ ರುಕ್ಮಾ ದೇವಿ ಒಬ್ಬರು. ವೇದಿಕೆ ಮೇಲೆ ಯಾರಿದ್ದರು ಅಂತ ಬರೆಯುವಾಗ ಯಾರಿರಲಿಲ್ಲ ಅಂತಲೂ ನೋಡಿ.

ಫಡ್ ಭಾಗ ಮೂರರಲ್ಲಿ ಉತ್ತಮ. ಪೂಜಾರಿ-ಗಾಯಕನಾದ ಭೋಪಾ ರಾವಣಹತ್ಥಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುವಾಗ, ಬಟ್ಟೆಯ ಮೇಲೆ ಆ ಕಥೆ ಎಲ್ಲಿದೆಯೋ ಅಲ್ಲಿಗೆ ಅವನ ಹೆಂಡತಿ ಭೋಪಿ ದೀಪ ಹಿಡಿಯುವುದನ್ನು ನೀವು ಗಮನಿಸಿದ್ದೀರಿ. ಇಂಥ ಕಣ್ಣು ಇರುವವರು ಶಾಲು, ಹಾರದ ವಿವರಕ್ಕೆ ಯಾಕೆ ಹೋಗಬೇಕು? ಯಕ್ಷಗಾನದ ಹೋಲಿಕೆ ಮಾತ್ರ ತೆಗೆಯಿರಿ. ಒಂಟೆ ಸಾಕುವ ರೇಬಾರಿಗಳಿಗೆ ಆ ಚಿತ್ರಪಟ ಊರಿಂದೂರಿಗೆ ಹೋಗುವ ಗುಡಿ, ಪಾಬೂಜಿ ದೇವರು. ನಮ್ಮಲ್ಲಿ ಹತ್ತಿರದವರು ಬೇಕಿದ್ದರೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು. ಅಲ್ಲೂ ಹಾಡುವುದೇ ಸೇವೆ.

ಈಗ ಮಾಡಬೇಕಾದ್ದು ಇಷ್ಟು. ಮೂರನ್ನೂ ಒಂದೇ ಲೇಖನಕ್ಕೆ ತುರುಕಬೇಡಿ. ಮೊದಲು ಕುಂಯಿ ಬಗ್ಗೆ ಬರೆಯಿರಿ. ಆ ಉಪನ್ಯಾಸಕರನ್ನು ಮತ್ತೆ ಭೇಟಿ ಮಾಡಿ. ಈಗಲೂ ತೋಡುವವರು ಇದ್ದಾರಾ, ಕಾಲುವೆ ನೀರು, ನಲ್ಲಿ ನೀರು ಬಂದ ಮೇಲೆ ಏನಾಯಿತು ಅಂತ ಕೇಳಿ. ಆಗುವುದಾದರೆ ಜೈಸಲ್ಮೇರ್ ಕಡೆ ಹೋಗಿ ಒಂದನ್ನಾದರೂ ನೋಡಿ ಬನ್ನಿ. ಎಂಟುನೂರು ಪದ ಸಾಕು. ಸಭೆಯ ಫೋಟೊ ಬೇಡ. ಕುಂಯಿಯ ಒಳಗಿನ ಪದರಗಳನ್ನು ಪೆನ್ಸಿಲಿನಲ್ಲಿ ಬರೆದು ಕಳಿಸಿ, ನಮ್ಮ ಕಲಾವಿದರು ಅದನ್ನು ಸರಿಯಾಗಿ ಬಿಡಿಸಿಕೊಡುತ್ತಾರೆ.

ವಿಶ್ವಾಸದಿಂದ,
ಸಂಪಾದಕ